ಕೆಳಬೀದಿಯ ನಲ್ಲಿ

ಬಡಗಿ ಸೈಲಸ್ ಟ್ರೆಂಬಾತ್ ಕೌರಿಕ್ರೀಕಿನ ಮೇಯರ್ ಆದದ್ದು ಕೆಳಬೀದಿಯವರ ವೋಟಿನಿಂದ. ನ್ಯೂಜಿಲೆಂಡಿನ ಆ ಗಣಿಯೂರಿನಲ್ಲಿ ಗುಡ್ಡದ ಮೇಲಿನ ಸಾಹುಕಾರರಿಗೆ ಒಳ್ಳೆಯ ಬಾವಿಗಳಿದ್ದವು. ಕೆಳಗಿನವರಿಗೆ ಕೊಳೆಯೆಲ್ಲ ಬಂದು ಸೇರುವ ಹಳ್ಳವೇ ಗತಿ. ಬಟ್ಟೆ ಒಗೆದು ಬದುಕುತ್ತಿದ್ದ ವಿಧವೆ ಹನೋರಾ ಕ್ವಿಲ್ ಚುನಾವಣೆಗೆ ಮುಂಚೆ ಅವನ ಅಂಗಡಿಗೇ ಬಂದು ಕೇಳಿದ್ದಳು.

“ನಲ್ಲಿ ಹಾಕಿಸ್ತೀರೋ, ಬರೀ ಟೋಪಿ ಹಾಕ್ತೀರೋ?”

“ಹಾಕಿಸ್ತೀನಮ್ಮ. ನಾನು ಮಾತಿಗೆ ತಪ್ಪೋನಲ್ಲ.”

ಕುರ್ಚಿಯೇರಿದ ಮೇಲೆ ಗುಡ್ಡದವರು ಅವನನ್ನು ಊಟಕ್ಕೆ ಕರೆಯತೊಡಗಿದರು. ಅಲ್ಲಿಯವರೆಗೆ ಆ ಮನೆಗಳ ಹಿಂಬಾಗಿಲನ್ನಷ್ಟೇ ಕಂಡವನು ಅವನು. ಕೆಳಬೀದಿಯ ನಲ್ಲಿಗೆ ಕೊಳವೆ ಹಾಕಿಸಲು ತೆರಿಗೆ ಏರಿಸುವ ಮಾತು ಪುರಸಭೆಗೆ ಬಂದಾಗ ವೋಟು ಸರಿಸಮವಾಯಿತು. ಮೇಯರ್ ಹೇಳಿದ್ದೇ ತೀರ್ಮಾನ. “ಮುಂದಿನ ವರ್ಷ ನೋಡೋಣ,” ಅಂದುಬಿಟ್ಟ.

ಆ ಬೇಸಿಗೆ ಕೆಳಬೀದಿಗೆ ವಿಷಮಶೀತಜ್ವರ ಹೊಕ್ಕಿತು. ಊರಿಗೆಲ್ಲ ಶವಪೆಟ್ಟಿಗೆ ಮಾಡುತ್ತಿದ್ದವನೂ ಸೈಲಸನೇ. ಅಳತೆಗೆ ಹೋದಲ್ಲೆಲ್ಲ ಜನ ಬಾಗಿಲು ತೆರೆದು ಒಳಗೆ ಬಿಡುತ್ತಿದ್ದರು. ಯಾರೂ ಬೈಯಲಿಲ್ಲ.

ಅವನ ಒಬ್ಬಳೇ ಮಗಳು ಲವೀನಿಯಾ ರೋಗಿಗಳ ಆರೈಕೆಗೆ ಹೊರಟುನಿಂತಳು.

“ಬೇಡ ವೀನಿ. ಅಲ್ಲಿ ನೀರು ಸರಿಯಿಲ್ಲ.”

“ಅದು ನಿಮಗೆ ಮೊದಲೇ ಗೊತ್ತಿತ್ತಲ್ಲಪ್ಪ.”

ಕೆಲವೇ ವಾರಗಳಲ್ಲಿ ಅವಳು ಹನೋರಾಳ ಮನೆಯಲ್ಲೇ ಹಾಸಿಗೆ ಹಿಡಿದಳು. ಓಡಿಬಂದ ಅಪ್ಪನ ಗುರುತು ಅವಳಿಗೆ ಹತ್ತಲಿಲ್ಲ, “ನೀರು” ಅಂದಳು. ಬಟ್ಟಲೆತ್ತಿದ ಸೈಲಸನ ಕೈ ಅಲ್ಲೇ ನಿಂತಿತು.

“ಕಾಯಿಸಿದ್ದೇ ಕಣ್ರೀ, ಕೊಡಿ ಇಲ್ಲಿ,” ಎಂದು ಹನೋರಾ ತಾನೇ ಕುಡಿಸಿದಳು. ಸಂಜೆಯ ಹೊತ್ತಿಗೆ ಹುಡುಗಿಯ ಉಸಿರು ನಿಂತಿತು.

ಪೆಟ್ಟಿಗೆಯನ್ನು ಅವನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಹಲಗೆ ಕೊಯ್ದ, ಉಜ್ಜಿದ, ಜೋಡಿಸಿದ. ಮುಚ್ಚಳಕ್ಕೆ ಮೊಳೆ ಹೊಡೆಯಲು ಮಾತ್ರ ಕೈ ಏಳಲಿಲ್ಲ. ಸುತ್ತಿಗೆಯನ್ನು ಹನೋರಾಳೇ ತೆಗೆದುಕೊಂಡಳು.

ಮುಂದಿನ ಸಭೆಯಲ್ಲಿ ಸದಸ್ಯರು ಸಂತಾಪ ಹೇಳಲು ಎದ್ದರು. ಸೈಲಸ್ ತಡೆದ.

“ಅದೆಲ್ಲ ಬೇಡ. ಕೊಳವೆಗೆ ಒಪ್ಪಿಗೆ ಕೊಡಿ. ಬೇರೆಯವರ ಮಕ್ಕಳಿಗೆ ಪೆಟ್ಟಿಗೆ ಮಾಡೋವಾಗ ನನ್ನ ಕೈ ನಡುಗಲಿಲ್ಲ. ಅದಕ್ಕೇ ನಾನು ಈ ಕುರ್ಚಿಗೆ ಲಾಯಕ್ಕಲ್ಲ.”

ಎಲ್ಲರ ಕೈಯೂ ಮೇಲೆದ್ದಿತು. ಅವನು ರಾಜೀನಾಮೆ ಕೊಟ್ಟು ಮನೆಗೆ ನಡೆದ.

ಹೆಂಡತಿ ಹೆಸ್ಟರ್ ಮಗಳ ಬಟ್ಟೆ ಮಡಿಸುತ್ತ ಕುಳಿತಿದ್ದಳು. ಮಣ್ಣು ಮಾಡಿ ಬಂದಾಗಿನಿಂದ ಅವಳು ಗಂಡನ ಜೊತೆ ಮಾತಾಡಿರಲಿಲ್ಲ.

“ನಲ್ಲಿ ಬರುತ್ತೆ. ಎಲ್ಲರೂ ಒಪ್ಪಿದ್ರು,” ಅಂದ.

ಹೆಸ್ಟರ್ ತಲೆಯೆತ್ತಿ ಅವನನ್ನೇ ನೋಡಿದಳು.

“ಇಷ್ಟು ಸುಲಭ ಇತ್ತಾ, ಸೈಲಸ್?”