ಹತ್ತನೇ ನೀರು

ಹೆದ್ದಾರಿ ಪಕ್ಕದ ಆ ಹೋಟೆಲಿನಲ್ಲಿ ಎರಡನೇ ಅಡುಗೆಯವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಮೂಗಿನ ಮಾಸ್ತರು. ಹನ್ನೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಹಿಂಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವರು ತಲೆಯೆತ್ತಿ, “ಮೀನು ಕೆಟ್ಟಿದೆ, ಮೂರನೇ ಬುಟ್ಟಿ” ಅಂದಿದ್ದರು. ಬುಟ್ಟಿಗಳಿನ್ನೂ ಲಾರಿಯಿಂದ ಇಳಿದೇ ಇರಲಿಲ್ಲ. ಇಳಿಸಿ ನೋಡಿದರೆ ಮೂರನೇ ಬುಟ್ಟಿಯೇ. ಅವತ್ತಿನಿಂದ ಅಡುಗೆಮನೆಯಲ್ಲಿ ಅವರ ಮೂಗಿಗೆ ಸಿಕ್ಕ ಮರ್ಯಾದೆ ಅವರ ಅಡುಗೆಗೂ ಸಿಕ್ಕಿರಲಿಲ್ಲ.

ಆ ಮೂಗು ಸತ್ತು ಎರಡು ಚಳಿಗಾಲ ಕಳೆದಿತ್ತು. ಹತ್ತು ದಿನ ಜ್ವರ, ನೆಗಡಿ ಅಂತ ಮಲಗಿದ್ದರು. ನೆಗಡಿ ಹೋಗುವಾಗ ಮೂಗನ್ನು ಮುಖದ ಮೇಲೆ ಬಿಟ್ಟು, ಒಳಗಿನ ಸಾಮಾನನ್ನೆಲ್ಲ ಕಟ್ಟಿಕೊಂಡು ಹೋಯಿತು. ಉಪ್ಪು, ಹುಳಿ, ಖಾರ, ಸಿಹಿ ನಾಲಿಗೆಗೆ ಉಳಿದವು, ಮಿಕ್ಕದ್ದೆಲ್ಲ ಅಂದಾಜು. ಡಾಕ್ಟರು “ಬರಬಹುದು, ಬರದೆಯೂ ಇರಬಹುದು” ಎಂದು ಬಹಳ ಯೋಚಿಸಿ ಹೇಳಿದರು. ವಿಷಯ ಗೊತ್ತಿದ್ದದ್ದು ಹೆಂಡತಿಯೊಬ್ಬಳಿಗೆ. ಹೊರಗೆ ಮಾಸ್ತರು ಬಾಯಿಬಿಡಲಿಲ್ಲ. ಇಪ್ಪತ್ತಾರು ವರ್ಷದಿಂದ ಎರಡನೇ ಅಡುಗೆಯವರಾಗಿಯೇ ಉಳಿದ ಮನುಷ್ಯನಿಗೆ ಮೂಗೂ ಹೋಯಿತು ಎಂದರೆ ಮಿಕ್ಕಿದ್ದು ಸೌಟು ಮಾತ್ರ.

ಮರೆಮಾಚುವುದು ಅಂಥ ಕಷ್ಟವೇನೂ ಆಗಲಿಲ್ಲ. ಪ್ರತಿ ಬೆಳಿಗ್ಗೆ ಪಾತ್ರೆ ತೊಳೆಯುವ ಅಕ್ಕ ಹಾಲಿನ ಕ್ಯಾನು ತಂದು, “ಮಾಸ್ತರೇ, ಸ್ವಲ್ಪ ನೋಡಿ” ಎಂದು ಮುಂದಿಡುತ್ತಿದ್ದಳು. ಮಾಸ್ತರು ಬಗ್ಗಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, “ಸಂಜೆಯೊಳಗೆ ಖರ್ಚು ಮಾಡಿ” ಅನ್ನುತ್ತಿದ್ದರು. ಒಳ್ಳೆಯ ಹಾಲಿಗೂ ಅನುಮಾನದ ಹಾಲಿಗೂ ಹೊಂದುವ ಮಾತು. ಎರಡು ವರ್ಷದಲ್ಲಿ ಒಂದು ದಿನವೂ ಈ ತೀರ್ಪು ಸುಳ್ಳಾಗಲಿಲ್ಲವಾಗಿ, ಮಾಸ್ತರಿಗೇ ಒಮ್ಮೊಮ್ಮೆ ತನ್ನ ಮೂಗಿನ ಮೇಲೆ ನಂಬಿಕೆ ಬಂದುಬಿಡುತ್ತಿತ್ತು.

ಹೀಗಿರುವಾಗ ಮುಖ್ಯ ಅಡುಗೆಯವರು ಮಂಡಿನೋವೆಂದು ಕೆಲಸ ಬಿಟ್ಟರು. ಅವರ ಕೊರಳಲ್ಲಿ ದಾರಕ್ಕೆ ತೂಗುತ್ತಿದ್ದ ಉಗ್ರಾಣದ ಬೀಗದಕೈ ಹೋಟೆಲಿನ ಯಜಮಾನಿಯ ಕುರ್ಚಿ ಹಿಂದಿನ ಮೊಳೆಗೆ ಬಂತು. ಆ ಬೀಗದಕೈ ಯಾರ ಕೊರಳಿಗೋ ಅವರೇ ಅಡುಗೆಮನೆಗೆ ದೊಡ್ಡವರು. ಅದೇ ವಾರ, ಮಂಗಳವಾರ, ಯಜಮಾನಿಯ ಅಪ್ಪ ಒಂದು ಗಂಡು ಕಾಡುಹಂದಿಯನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು.

ಹೊಲಕ್ಕೆ ನುಗ್ಗುವ ಹಂದಿಗಳನ್ನು ಹೊಡೆಯಲು ಆ ಮುದುಕರಿಗೆ ಪರವಾನಗಿ ಇತ್ತು. ವರ್ಷಕ್ಕೊಂದು ಹೊಡೆಯುವುದು, ಹನ್ನೆರಡು ಜನ ಗೆಳೆಯರನ್ನು ಕರೆದು ತಿನ್ನಿಸುವುದು, ಮುಂದಿನ ವರ್ಷದವರೆಗೆ ಕೊಚ್ಚಿಕೊಳ್ಳುವುದು ಅವರ ವಾಡಿಕೆ. ತಂದ ದಿನವೇ ಒಲೆಗೇರಿದ ಹೋದ ವರ್ಷದ ಹಂದಿ ಬೇಯುತ್ತಿದ್ದಂತೆ ಊಟದ ಕೋಣೆಯಲ್ಲಿದ್ದ ಗಿರಾಕಿಗಳೆಲ್ಲ ಮೂಗು ಮುಚ್ಚಿಕೊಂಡು ಎದ್ದಿದ್ದರು. ಪರದೆಗಳನ್ನು ಮೂರು ಸಲ ಒಗೆಸಬೇಕಾಯಿತು.

ಯಜಮಾನಿ ಮಾಸ್ತರನ್ನು ಕರೆದಳು. “ನೋಡಿ ಮಾಸ್ತರೇ, ಅಪ್ಪಂಗೆ ಬೇಡ ಅನ್ನೋಕಾಗಲ್ಲ. ಆದ್ರೆ ಭಾನುವಾರ ಆ ಊಟದ ಕೋಣೇಲಿ ಒಂದೆಳೆ ಹಂದಿ ನಾತ ಬರಬಾರ್ದು. ಬರ್ಲಿಲ್ವಾ, ಸೋಮವಾರದಿಂದ ಬೀಗದಕೈ ನಿಮ್ದು. ಬಂತೋ, ಹೊರಗಿನಿಂದ ಬೇರೆ ಯಾರನ್ನಾದ್ರೂ ತರಿಸ್ಕೋತೀನಿ. ನಿಮ್ಮಂಥ ಮೂಗು ಇಟ್ಕೊಂಡು ಇದಾಗ್ಲಿಲ್ಲ ಅಂದ್ರೆ ಇನ್ಯಾರಿಗಾಗುತ್ತೆ?”

“ಆಗುತ್ತೆ ಅಮ್ಮಾ,” ಅಂದರು ಮಾಸ್ತರು.

ಹಿಂಬಾಗಿಲಲ್ಲಿ ಮುದುಕರು ಹಂದಿಯ ಬೆನ್ನು ತಟ್ಟುತ್ತ ನಿಂತಿದ್ದರು. “ಏನ್ ಸೊಗಡು ನೋಡಯ್ಯಾ! ಮಾರುದೂರದಿಂದ ಹೊಡೀತಿದೆ. ಗಂಡು ಅಂದ್ರೆ ಇದು!”

ಮಾಸ್ತರು ಬಗ್ಗಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದರು. ಮುಖದ ಮುಂದೆ ಹಂದಿಯ ಬದಲು ಖಾಲಿ ಗೋಡೆ ಇದ್ದಿದ್ದರೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. “ಭಾರೀ ಇದೆ,” ಎಂದರು.

ಕೆಲಸ ಮಾತ್ರ ಗೊತ್ತಿತ್ತು. ನಾತ ಕೂತಿರುವುದು ಕೊಬ್ಬಿನಲ್ಲಿ ಮತ್ತು ರಕ್ತದಲ್ಲಿ. ತಲೆ, ಚರ್ಮವನ್ನು ಮುದುಕರು ಗೋಡೆಗೆ ತೂಗುಹಾಕಲೆಂದು ಒಯ್ದರು. ಮಾಸ್ತರು ಮಾಂಸವನ್ನು ಮೂಳೆಯಿಂದ ಬಿಡಿಸಿ, ಹಳದಿ ಕೊಬ್ಬನ್ನೆಲ್ಲ ಕೆತ್ತಿ ತೆಗೆದರು. ಮೂಳೆಯೂ ಕೊಬ್ಬೂ ಬುಧವಾರದ ಕಸದ ಗಾಡಿಗೆ ಹೋದವು. ಮಾಂಸವನ್ನು ಶೀತಲ ಕೋಣೆಯ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ, ಬೆಳಿಗ್ಗೆ ಸಂಜೆ ನೀರು ಬದಲಿಸತೊಡಗಿದರು. ಮೊದಲು ಉಪ್ಪುನೀರು, ಆಮೇಲೆ ವಿನೆಗರ್ ಹಾಕಿದ ನೀರು, ಒಂದು ಸಲ ಮಜ್ಜಿಗೆ, ಮತ್ತೆ ಉಪ್ಪುನೀರು. ಶೀತಲ ಕೋಣೆಯಲ್ಲಿ ಕೈ ಮರಗಟ್ಟುತ್ತಿತ್ತು. ಹೆಂಡತಿ ಹೆಣೆದುಕೊಟ್ಟ ಬೂದುಬಣ್ಣದ ಉಣ್ಣೆಯ ಸ್ವೆಟರನ್ನು ಬಿಳಿ ಕೋಟಿನೊಳಗೆ ಹಾಕಿಕೊಂಡೇ ತುಂಡುಗಳನ್ನು ಒಂದೊಂದಾಗಿ ಹಿಂಡುತ್ತಿದ್ದರು. ಎಷ್ಟು ಮಡಚಿದರೂ ಸ್ವೆಟರಿನ ತೋಳು ಜಾರಿ ಮೊಣಕೈವರೆಗೆ ನೀರಿಗಿಳಿಯುತ್ತಿತ್ತು.

ಹಳೆಯ ಮುಖ್ಯ ಅಡುಗೆಯವರು ಕಲಿಸಿದ್ದ ಕ್ರಮವೊಂದಿತ್ತು: ಮಾಂಸವನ್ನು ಮೂಸಬಾರದು, ಕೊನೆಯ ನೀರನ್ನು ಮೂಸಬೇಕು, ನೀರು ನಾತ ಬಿಟ್ಟು ಸುಮ್ಮನಾದ ದಿನ ಮಾಂಸ ಒಲೆಗೆ. ಮೂಸಲು ಮೂಗು ಬೇಕಲ್ಲ? ಅದು ಮನೆಯಲ್ಲಿತ್ತು. ಮಾಸ್ತರು ಕೆಮ್ಮಿನ ಔಷಧದ ಖಾಲಿ ಬಾಟಲಿ ತೊಳೆದು, ಸಂಜೆ ಸಂಜೆ ಕೊನೆಯ ನೀರು ತುಂಬಿಸಿ ಮನೆಗೆ ಒಯ್ಯತೊಡಗಿದರು.

ಮನೆ ಹೋಟೆಲಿನ ಹಿಂದಿನ ಬೀದಿಯಲ್ಲಿ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಮಾಸ್ತರು ಅವಳ ಹೆಗಲ ಮೇಲಿಂದ ಕೈ ಚಾಚಿ ಬಾಟಲಿಯನ್ನು ಮೂಗಿನ ಕೆಳಗೆ ಹಿಡಿದರು.

“ಅಯ್ಯಪ್ಪಾ! ಏನ್ರೀ ಇದು? ಮುಚ್ಚಳ ತೆಗಿಯೋಕೆ ಮುಂಚೇನೇ ಈ ಥರ ಹೊಡೀತಿದೆ!”

“ಇವತ್ತಿನ್ನೂ ಬುಧವಾರ. ಹೋಗುತ್ತೆ,” ಎಂದು ಮಾಸ್ತರು ತಮಗೇ ಸಮಾಧಾನ ಹೇಳಿಕೊಂಡರು.

ಗುರುವಾರ ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು, “ನಿನ್ನೆಗಿಂತ ಜಾಸ್ತೀನೇ ಇದೆ,” ಅಂದಳು. ಶುಕ್ರವಾರ ಬಾಟಲಿಯನ್ನು ಕಿಟಕಿಯಾಚೆ ಇಡಿಸಿದಳು. ಆಚೆ ಇಟ್ಟರೂ ಕೋಣೆಯೆಲ್ಲ ನಾತ. “ಅದು ಹಂದಿಯೋ ದೆವ್ವವೋ ಕಾಣೆ,” ಅಂದಳು.

ಮಾಸ್ತರ ನಿದ್ದೆ ಹಾರಿತು. ತೊಳೆದಷ್ಟೂ ಹೆಚ್ಚುವ ನಾತವನ್ನು ಅವರು ಕಂಡದ್ದಿರಲಿ, ಕೇಳಿಯೂ ಇರಲಿಲ್ಲ. ಉಪ್ಪು ಹೆಚ್ಚಿಸಿದರು, ಹಿಂಡುವ ಹೊತ್ತು ಹೆಚ್ಚಿಸಿದರು. ಅಡುಗೆಮನೆಯಲ್ಲಿ ಅವರು ಬಂದ ಕಡೆ ಜನ ಸರಿದು ಜಾಗ ಬಿಡುತ್ತಿದ್ದರು. ಆಲೂಗಡ್ಡೆ ಸುಲಿಯುವವರು ಮಣೆ ಎತ್ತಿಕೊಂಡು ಹಿತ್ತಲಿಗೆ ಹೋದರು. ಅಕ್ಕ ಎಲ್ಲ ಕಿಟಕಿಗಳನ್ನೂ ತೆರೆದಿಟ್ಟಳು. ಇನ್ನೂ ಸಿಗದ ಬೀಗದಕೈಗೆ ಈಗಲೇ ಇಷ್ಟು ಭಯಭಕ್ತಿ ಬಂದಿತಲ್ಲ ಎಂದು ಮಾಸ್ತರಿಗೆ ಒಳಗೊಳಗೇ ಖುಷಿಯಾಗಿತ್ತು.

ಭಾನುವಾರ ಬೆಳಿಗ್ಗೆ ಹತ್ತನೇ ನೀರು. ಬಾಟಲಿ ಹಿಡಿದು ಮನೆಗೆ ಓಡಿದರು. ಹೆಂಡತಿ ಬಾಗಿಲಲ್ಲೇ ಕೈ ಅಡ್ಡ ಹಿಡಿದು, “ಬೇಡ, ತೆಗೀಬೇಡಿ, ಇನ್ನೂ ಇದೆ!” ಎಂದು ಕೂಗಿದಳು. ಮಾಸ್ತರು ಬಾಟಲಿಯನ್ನು ಜೇಬಿಗಿಳಿಸಿ, ವಾಪಸು ಓಡಿ, ಮಾಂಸವನ್ನು ಕುದಿಸಿ ನೀರು ಚೆಲ್ಲಿದರು. ಮತ್ತೆ ಕುದಿಸಿ ಚೆಲ್ಲಿದರು. ಮೂರನೇ ಸಲವೂ ಚೆಲ್ಲಿದ ಮೇಲೆ, ಈರುಳ್ಳಿ, ಬೆಳ್ಳುಳ್ಳಿ, ಕರಿಮೆಣಸು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿದರು. ಆ ಹೊತ್ತಿಗೆ ಮಾಂಸ ಬೆಳ್ಳಗೆ, ಮೆತ್ತಗೆ, ಯಾವ ತಂಟೆಗೂ ಹೋಗದ ಸಾಧುವಿನಂತಿತ್ತು.

ಮಧ್ಯಾಹ್ನ ಹನ್ನೆರಡು ಜನ ಗೆಳೆಯರು ಉದ್ದ ಮೇಜಿನ ಸುತ್ತ ಕೂತರು. ಯಜಮಾನಿ ಬಾಗಿಲಲ್ಲಿ ನಿಂತು ಮೂಗರಳಿಸಿ ನೋಡಿದಳು. ಏನೂ ಇಲ್ಲ. ಪಕ್ಕದ ಮೇಜಿನ ಗಿರಾಕಿಗಳು ನೆಮ್ಮದಿಯಿಂದ ಉಣ್ಣುತ್ತಿದ್ದರು. ಅಡುಗೆಮನೆಯ ಬಾಗಿಲ ಸಂದಿನಿಂದ ಇಣುಕುತ್ತಿದ್ದ ಮಾಸ್ತರನ್ನು ನೋಡಿ ಅವಳು ತಲೆಯಾಡಿಸಿದಳು. ಮಾಸ್ತರಿಗೆ ಕಣ್ಣು ತುಂಬಿ ಬಂತು. ಇಪ್ಪತ್ತಾರು ವರ್ಷ!

ಗೆಳೆಯರಲ್ಲಿ ಒಬ್ಬರು ಎರಡನೇ ಸಲ ಬಡಿಸಿಕೊಂಡು ಮುದುಕರ ಕಡೆ ತಿರುಗಿದರು. “ಕೋಳಿ ತುಂಬ ಮೆತ್ತಗಿದೆ ಮಾರಾಯರೇ. ಹಂದಿ ಯಾವಾಗ ಬರುತ್ತೆ?”

“ನಾನೂ ಅದಕ್ಕೇ ಹೊಟ್ಟೇಲಿ ಜಾಗ ಬಿಟ್ಕೊಂಡಿದೀನಿ,” ಅಂದರು ಮತ್ತೊಬ್ಬರು.

ಮುದುಕರು ಒಂದು ತುಂಡು ಬಾಯಿಗಿಟ್ಟರು. ಅಗಿದರು. ಮುಖ ಕೆಂಪೇರಿತು. “ಕರೀರಿ ಅವನನ್ನ!”

ಮಾಸ್ತರು ಕೋಟಿನ ಗುಂಡಿಗಳನ್ನೆಲ್ಲ ಬಿಗಿಯಾಗಿ ಹಾಕಿ, ತೋಳುಗಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು, ಹೊಗಳಿಕೆಗೆ ಮುಖ ಸಿದ್ಧಪಡಿಸಿಕೊಂಡು ಬಂದರು.

“ನನ್ನ ಹಂದಿ ಎಲ್ಲಯ್ಯಾ? ಯಾರಿಗೆ ಮಾರ್ಕೊಂಡೆ?”

“ಇದೇ ಹಂದಿ, ದೊಡ್ಡವರೇ...”

“ಇದು ಹಂದಿಯಾ? ಏಳು ವರ್ಷದವನಿದ್ದಾಗಿಂದ ತಿಂತಿದೀನಿ, ನಂಗೆ ಹೇಳ್ಕೊಡ್ತೀಯಾ? ಎಲ್ಲಿ ಮೂಳೆ? ಎಲ್ಲಿ ಕೊಬ್ಬು?”

“ಕಸದ ಗಾಡಿಗೆ...”

“ಕೇಳ್ಕೊಂಡ್ರಾ? ಕಸದ ಗಾಡಿಗೆ ಹೋಯ್ತಂತೆ!” ಮುದುಕರು ಮೇಜು ಗುದ್ದಿದರು. ಯಜಮಾನಿಯ ಮುಖದಲ್ಲೂ ಅನುಮಾನ ಮೂಡಿತು. ನಾತ ಒಂದೆಳೆಯೂ ಉಳಿಯದಿದ್ದದ್ದು ಈಗ ಅವಳಿಗೂ ಸ್ವಲ್ಪ ಅತಿಯಾಯಿತು ಅನ್ನಿಸತೊಡಗಿತ್ತು.

ಕಳ್ಳ ಅನ್ನಿಸಿಕೊಳ್ಳುವುದೊಂದು ಮಾಸ್ತರಿಂದ ಆಗದ ಕೆಲಸ. ಅವರು ಜೇಬಿನಿಂದ ಬಾಟಲಿ ತೆಗೆದು ಮೇಜಿನ ಮೇಲೆ ಕುಕ್ಕಿದರು. “ಇದು ಅದೇ ಮಾಂಸ ನೆನೆಸಿದ ಹತ್ತನೇ ನೀರು. ಹತ್ತು ಸಲ ಬದಲಿಸಿದ್ರೂ ಇನ್ನೂ ಎಂಥ ನಾತ ಇದೆ, ನೀವೇ ಮೂಸಿ ನೋಡಿ!”

ಮುದುಕರು ಮುಚ್ಚಳ ತೆಗೆದು ಮೂಸಿದರು. ಯಜಮಾನಿ ಮೂಸಿದಳು. ಬಾಟಲಿ ಮೇಜಿನ ಸುತ್ತ ಹೋಗಿಬಂತು.

“ಬರೀ ನೀರು,” ಅಂದಳು ಯಜಮಾನಿ.

“ಸಾಧ್ಯಾನೇ ಇಲ್ಲ ಅಮ್ಮಾ! ಬೆಳಿಗ್ಗೆ ನಾತ ಬಾಗಿಲಿಗೇ ಬಂತು ಅಂದ್ಳು ನನ್ ಹೆಂಡ್ತಿ.”

“ನಿಮ್ಮ ಹೆಂಡ್ತೀನಾ?” ಯಜಮಾನಿ ನಿಧಾನವಾಗಿ ಕೇಳಿದಳು. “ನಿಮ್ಮ ಮೂಗಿಗೇನಾಗಿತ್ತು ಮಾಸ್ತರೇ?”

ಮಾಸ್ತರು ಬಾಟಲಿಗೆ ಮುಚ್ಚಳ ಹಾಕತೊಡಗಿದರು. ಅಷ್ಟರಲ್ಲಿ ಮುದುಕರು ಬೈಯಲೆಂದು ಎದ್ದು ಹತ್ತಿರ ಬಂದವರು ನಡುದಾರಿಯಲ್ಲೇ ನಿಂತುಬಿಟ್ಟರು. ಮೂಗಿನ ಹೊಳ್ಳೆ ಅರಳಿತು. ಮಾಸ್ತರ ಕೈ ಹಿಡಿದೆಳೆದು, ಬಿಳಿ ಕೋಟಿನ ತೋಳನ್ನು ಮೇಲಕ್ಕೆ ಸರಿಸಿ, ಬೂದು ಉಣ್ಣೆಗೆ ಮುಖ ಹುದುಗಿಸಿದರು.

“ಇಲ್ಲಿದೆ ಕಣ್ರೋ ನನ್ ಹಂದಿ!”

ಅವರ ಸಂತೋಷ ನೋಡಬೇಕಿತ್ತು. ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಕರೆದರು. ಮೊದಲು ಒಂದು ತುಂಡು ಬಾಯಿಗೆ, ಆಮೇಲೆ ತೋಳಿಗೊಂದು ಮೂಗು. “ಈಗ ಬಂತು ನೋಡಿ!” “ಹೌದೌದು, ಇದು ಕಾಡಿಂದೇ!” ಹನ್ನೆರಡು ಜನ ಊಟ ಮುಗಿಸುವವರೆಗೂ ಮಾಸ್ತರು ಉಪ್ಪಿನಕಾಯಿ ಭರಣಿಯಂತೆ ಮೇಜಿನ ತುದಿಯಲ್ಲಿ ತೋಳು ಚಾಚಿ ನಿಂತಿದ್ದರು. ಪಕ್ಕದ ಮೇಜಿನವರು ಮೂಗು ಮುಚ್ಚಿಕೊಂಡು ಎದ್ದು ಹೋದರು.

ಗೆಳೆಯರು ಕೈತೊಳೆಯಲು ಎದ್ದ ಮೇಲೆ ಯಜಮಾನಿ ಕೇಳಿದಳು. “ಎಷ್ಟು ದಿನದಿಂದ?”

“ಎರಡು ಚಳಿಗಾಲ ಆಯ್ತು ಅಮ್ಮಾ.”

“ಕಳ್ಳತನ ಇಲ್ಲ ಅಂತ ಗೊತ್ತಾಯ್ತು, ಸಂತೋಷ. ಆದ್ರೆ ಊಟದ ಕೋಣೇಲಿ ನಾತ ಬರಬಾರ್ದು ಅಂದಿದ್ದೆ. ಮಾಂಸದಿಂದ ಬರ್ಲಿಲ್ಲ. ನಿಮ್ಮಿಂದ ಬಂತು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಮಾಸ್ತರಿಗೆ ಹೆಚ್ಚು ಚುಚ್ಚಿತು. “ವಾಸನೆ ತಿಳೀದೋರ ಕೈಗೆ ಉಗ್ರಾಣ ಹೇಗೆ ಕೊಡ್ಲಿ, ನೀವೇ ಹೇಳಿ.”

ಮಾಸ್ತರು ಹ್ಯಾಪುಮೋರೆ ಹಾಕಿಕೊಂಡು ಅಡುಗೆಮನೆಗೆ ಬಂದರು. ಎಲ್ಲರೂ ಬಾಗಿಲ ಹಿಂದೆಯೇ ನಿಂತು ಕೇಳಿಸಿಕೊಂಡಿದ್ದರು. ಈಗ ಒಬ್ಬೊಬ್ಬರೂ ಇಲ್ಲದ ಕೆಲಸ ಹುಡುಕಿಕೊಂಡು ಚದುರಿದರು. ಅಕ್ಕ ಮಾತ್ರ ಸಿಂಕಿನ ಹತ್ತಿರ ಉಳಿದಳು.

“ಅಕ್ಕಾ, ನಂಗೆ ವಾಸನೆ ಗೊತ್ತಾಗಲ್ಲ. ಎರಡು ವರ್ಷದಿಂದ ನಿಮಗೆಲ್ಲ ಸುಳ್ಳು ಹೇಳಿದೀನಿ. ಆ ಹಾಲು...”

“ಗೊತ್ತು ಮಾಸ್ತರೇ,” ಅಂದಳು ಅಕ್ಕ, ಬಾಣಲೆ ಉಜ್ಜುತ್ತಲೇ. “ಒಂದಿನ ನಿಮ್ಮ ಪಕ್ಕದಲ್ಲೇ ಎಣ್ಣೆ ಸೀದು ಹೊಗೆ ಎದ್ರೂ ನೀವು ತಿರುಗಿ ನೋಡ್ಲಿಲ್ಲ. ಅವತ್ತಿಂದ ನಾನೇ ಮೊದ್ಲು ಮೂಸಿ ತರ್ತಿದೀನಿ. ಕೆಟ್ಟ ಹಾಲು ನಿಮ್ಮ ಮುಂದೆ ಬಂದೇ ಇಲ್ಲ.”

ಮಾಸ್ತರು ಸ್ಟೂಲಿನ ಮೇಲೆ ಕುಸಿದು ಕೂತರು. ಎರಡು ವರ್ಷದ ತೀರ್ಪುಗಳೆಲ್ಲ ಒಟ್ಟಿಗೆ ನೆನಪಾದವು. ನಾಚಿಕೆಯಾಯಿತು. “ಹಾಗಾದ್ರೆ ಈ ಸ್ವೆಟರಿನ ವಿಷ್ಯ ಯಾಕೆ ಹೇಳ್ಲಿಲ್ಲ?”

“ಹೇಳೋಣ ಅಂತ ದಿನಾ ಅಂದ್ಕೋತಿದ್ದೆ. ಆದ್ರೆ ಮೂಗಿನ ಮಾಸ್ತರ ಮುಂದೆ ನಿಂತು, ನೀವು ನಾತ ಹೊಡೀತಿದೀರಿ ಅಂತ ಹೇಳೋಕೆ ಬಾಯಿ ಹೇಗೆ ಬರುತ್ತೆ?”

ಮಾಸ್ತರು ಎದ್ದು ಯಜಮಾನಿಯ ಕೋಣೆಯ ಬಾಗಿಲಿಗೆ ಹೋಗಿ, ನಾತ ಒಳಗೆ ಬಾರದಷ್ಟು ದೂರದಲ್ಲೇ ನಿಂತು, “ಹೊರಗಿನೋರು ಯಾರೂ ಬೇಡ ಅಮ್ಮಾ. ಬೀಗದಕೈ ಅಕ್ಕನಿಗೆ ಕೊಡಿ. ಎರಡು ವರ್ಷದಿಂದ ಈ ಅಡುಗೆಮನೆ ಕಾದಿರೋದು ಅವರ ಮೂಗು. ಒಲೆ ನಾನು ನೋಡ್ಕೋತೀನಿ,” ಅಂದರು.

ಆ ಸಂಜೆ ಹೆಂಡತಿ ಸ್ವೆಟರನ್ನು ಬಕೆಟ್ಟಿನಲ್ಲಿ ಉಪ್ಪುನೀರಿಗೆ ಹಾಕಿದಳು. ನಾಲ್ಕನೇ ನೀರಿಗೆ ನಾತ ಹೋಯಿತು.

ಸೋಮವಾರ ಬೆಳಿಗ್ಗೆ ಅಕ್ಕನ ಕೊರಳಲ್ಲಿ ಬೀಗದಕೈ ತೂಗುತ್ತಿತ್ತು. ಅವಳು ಉಗ್ರಾಣದ ಬಾಗಿಲು ತೆಗೆದು, ಹಾಲಿನ ಕ್ಯಾನನ್ನು ಒಮ್ಮೆ ತಾನು ಮೂಸಿ, ನೇರವಾಗಿ ಮಾಸ್ತರ ಹತ್ತಿರ ತಂದಳು. ಎಲ್ಲರೂ ಕೈಕೆಲಸ ನಿಲ್ಲಿಸಿ ನೋಡುತ್ತಿದ್ದರು.

“ಮಾಸ್ತರೇ, ಸ್ವಲ್ಪ ನೋಡಿ.”

ಮಾಸ್ತರು ಅವಳ ಮುಖ ನೋಡಿದರು. ಅದರಲ್ಲಿ ತಮಾಷೆ ಇರಲಿಲ್ಲ. ಅವರು ಬಗ್ಗಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದರು.

“ಸಂಜೆಯೊಳಗೆ ಖರ್ಚು ಮಾಡಿ.”

“ಆಯ್ತು ಮಾಸ್ತರೇ,” ಎಂದು ಅಕ್ಕ ಹಾಲನ್ನು ಒಲೆಯ ಮೇಲಿಟ್ಟಳು.