ಕಂದಲಗಾಂವದ ಸುಳಿ

ನಿಂಗಣ್ಣ ಗೂಟದಿಂದ ಹಗ್ಗ ಬಿಚ್ಚಿ ಕುದುರೆಯನ್ನು ಹೊರಗೆ ಎಳೆಯುತ್ತಿದ್ದ. ಅವನ ಅತ್ತಿಗೆ ಜನಾಬಾಯಿ ನಡುವೆ ಬಂದು ಅದೇ ಹಗ್ಗಕ್ಕೆ ಜೋತುಬಿದ್ದಳು. ಆ ಕುದುರೆ ಚಂದ್ರಿ ಮಾತ್ರ ಇದು ಯಾರದೋ ಮನೆಯ ಜಗಳ ಎಂಬಂತೆ ಜೋಳದ ಕಣಿಕೆ ಜಗಿಯುತ್ತ ನಿಂತಿತ್ತು.

“ಬಿಡ್ರಿ ವೈನಿ.”

“ಬಿಡೂದಿಲ್ಲ.”

“ಮಣ್ಣಿಗೆ ಬಂದ ಮಂದಿ ನೋಡಾಕತ್ತಾರ.”

“ನೋಡ್ಲಿ. ನನ್ನಷ್ಟ ಅಲ್ಲ, ನಿನ್ನೂ ನೋಡಾಕತ್ತಾರ.”

ಹತ್ತು ಹೆಜ್ಜೆ ಆಚೆ, ಅಂಗಳದಲ್ಲಿ, ಜನಾಬಾಯಿಯ ಗಂಡ ಹಣಮಂತಪ್ಪನನ್ನು ಮೀಯಿಸಿ, ಬಿಳಿ ಧೋತರ ಉಡಿಸಿ, ತಲೆಗೆ ಪಟಕಾ ಸುತ್ತಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ಬೀರದೇವರ ಭಂಡಾರ, ಅರಿಶಿನದ ಪುಡಿ. ಬದುಕಿದ್ದಾಗಲೂ ಮನೆಯಲ್ಲಿ ಜಗಳ ಶುರುವಾದ ಕೂಡಲೇ ಅವನು ಹೀಗೇ ಗೋಡೆಗೆ ಒರಗಿ ಕಣ್ಣು ಮುಚ್ಚಿಬಿಡುತ್ತಿದ್ದ. ಹಿಂದಿನ ದಿನ ಮಧ್ಯಾಹ್ನ ಶೇಂಗಾ ಚಟ್ನಿಯ ಜೊತೆ ಎರಡು ರೊಟ್ಟಿ ತಿಂದು, ಮೂರನೆಯದಕ್ಕೆ ಕೈ ಚಾಚಿ, ಅದು ತಾಟಿಗೆ ಬೀಳುವಷ್ಟರಲ್ಲಿ ಹೋಗಿಬಿಟ್ಟಿದ್ದ. ಎಪ್ಪತ್ತೈದು ತುಂಬಿತ್ತು. ಇಂಥ ಸಾವು ಎಲ್ಲರಿಗೂ ಸಿಗುವುದಿಲ್ಲ ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಹೊಗಳಿ ಮುಗಿಸಿ ಕುದುರೆಯ ಕಡೆ ಓರೆಗಣ್ಣಿನಿಂದ ನೋಡುತ್ತಿದ್ದರು.

“ಮಾಲಕನ್ನ ತಿನ್ನೂ ಸುಳಿ ಅದಕ್ಕ. ಅಣ್ಣನ್ನ ತಿಂದ್ತು. ಹೆಣ ಎತ್ತೂದ್ರಾಗ ಸೀಮಿ ದಾಟಿಸಬೇಕು. ಇಲ್ಲಂದ್ರ ಮುಂದಿನ ಪಾಳಿ ನಿಮ್ಮದು,” ಎಂದ ನಿಂಗಣ್ಣ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಭಯವಿತ್ತು.

“ಎಪ್ಪತ್ತೈದು ವರ್ಷ ಬದುಕ್ಯಾರೋ. ಅದು ತಿಂದದ್ದೇನು?”

“ಸಾವಕಾಶ ತಿಂದದ.”

ಜನಾಬಾಯಿಗೆ ಆ ದುಃಖದಲ್ಲೂ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ತಿಳಿದು ನಿಂಗಣ್ಣ ಹಗ್ಗ ಸಡಿಲ ಬಿಟ್ಟ.

ಕುದುರೆ ಸಾಕುವವರಿಗೆ ಸುಳಿ ಜಾತಕವಿದ್ದಂತೆ. ಗಂಟಲ ಕೆಳಗೆ ಕೂದಲು ಸುತ್ತಿಕೊಂಡಿದ್ದರೆ ಅದು ದೇವಮಣಿ, ಮನೆಗೆ ಒಳ್ಳೆಯದು. ಕಣ್ಣ ಕೆಳಗಿದ್ದರೆ ಕಣ್ಣೀರ ಸುಳಿ, ಅದನ್ನು ಯಾರೂ ಕಟ್ಟುವುದಿಲ್ಲ. ಹಣಮಂತಪ್ಪ ಕಂದಲಗಾಂವದ ಕುರಿ ಕಾಯುವ ಮನೆತನದಲ್ಲಿ ಹುಟ್ಟಿದರೂ ಅಕ್ಕಲಕೋಟ ಸಂಸ್ಥಾನದ ಲಾಯದಲ್ಲಿ ಹದಿನೈದು ವರ್ಷ ದುಡಿದು ಈ ವಿದ್ಯೆ ಕಲಿತಿದ್ದ. ಸೋಲಾಪುರದ ಸುತ್ತಮುತ್ತ ಅವನ ಬೆರಳು ಆಡದೆ ಒಂದು ಮರಿಯೂ ಕೈ ಬದಲಾಯಿಸುತ್ತಿರಲಿಲ್ಲ. ಚಂದ್ರಿಯ ಎಡ ಮುಂಗಾಲಿನ ಹಿಂದೆ, ಜೀನಿನ ಪಟ್ಟಿ ಬಿಗಿಯುವ ಜಾಗದಲ್ಲಿದ್ದ ಸುಳಿ ಮಾಲಕನನ್ನು ತಿನ್ನುತ್ತದೆ ಎಂದು ಹೇಳಿದವನೂ ಅವನೇ. ಹಾಗಾಗಿ ಯಾರಿಗೂ ಅನುಮಾನವಿರಲಿಲ್ಲ. ಭೀಮಾ ಹೊಳೆ ದಾಟಿಸಿ ಕೊರಳ ಹಗ್ಗ ಬಿಚ್ಚಿ ಬಿಟ್ಟರೆ ಆ ಕುದುರೆಗೆ ಇನ್ನು ಯಾವ ಊರಿನಲ್ಲೂ ಗೂಟವಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿತ್ತು.

ಬೀರದೇವರ ಪೂಜಾರಿ ಬೀರಣ್ಣ ಬಾರಿಸುವ ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತ ಕೂತಿದ್ದ. “ಎಳದಾಡಬ್ಯಾಡ್ರಿ,” ಎಂದ. “ಸಾವ್ಕಾರ್ರು ಬರ್ಲಿ. ಅವರು ಹೇಳ್ದಂಗ ಮಾಡೂಣು.”

* * *

ಸಾವ್ಕಾರ್ ಸಾತಲಿಂಗಪ್ಪ ಸೋಲಾಪುರ ಪೇಟೆಯ ಚಾದರದ ವ್ಯಾಪಾರಿ. ಅಂಗಡಿಯಲ್ಲಿ ಕೂತಿರುತ್ತಿದ್ದ, ಆದರೆ ಹೊರಗೆ ಟಾಂಗಾ ಹೋದರೆ ಗಿರಾಕಿಯನ್ನು ಬಿಟ್ಟು ಕುದುರೆಯ ಕಾಲು ನೋಡುತ್ತಿದ್ದ. ಅವನ ಹೆಣ್ಣುಗುದುರೆಯನ್ನು ಹಣಮಂತಪ್ಪ ಪಾಲಿಗೆ ಸಾಕುತ್ತಿದ್ದ. ಪದ್ಧತಿ ಸರಳ: ಒಂದು ಮರಿ ಕುದುರೆಯ ಒಡೆಯನಿಗೆ, ಮುಂದಿನದು ಸಾಕಿದವನಿಗೆ.

ಹನ್ನೆರಡು ವರ್ಷದ ಹಿಂದೆ ಚಂದ್ರಿ ಹುಟ್ಟಿದಾಗ ಪಾಳಿ ಸಾವ್ಕಾರನದು. ಹುಟ್ಟಿದ ನಾಲ್ಕನೇ ದಿನಕ್ಕೆ ಆ ಮರಿ ತಾಯಿಯನ್ನು ಹಿಂದೆ ಹಾಕಿ ಹಳ್ಳ ಹಾರಿ, ತಿರುಗಿ ನಿಂತು, ಬಾರದ ತಾಯಿಯನ್ನು ಗದರಿಸುವಂತೆ ಕೆನೆಯಿತು. ಹಣಮಂತಪ್ಪ ಹೆಗಲ ಮೇಲಿನ ಕಂಬಳಿ ಜಾರಿದ್ದೂ ತಿಳಿಯದೆ ನೋಡುತ್ತ ನಿಂತ. ಐವತ್ತು ವರ್ಷ ಕುದುರೆ ನೋಡಿದವನಿಗೆ ಅಂಥದ್ದು ಸಿಕ್ಕಿರಲಿಲ್ಲ.

ಎಂಟನೇ ದಿನ ಸಾವ್ಕಾರ ಬಂದ. ಹಣಮಂತಪ್ಪನ ಬೆರಳು ಮರಿಯ ಮೈಮೇಲೆಲ್ಲ ಆಡಿ, ಎಡಗಾಲಿನ ಹಿಂದೆ ನಿಂತುಬಿಟ್ಟಿತು.

“ಯಾಕಪಾ?”

“ಹೇಳಾಕ ಬಾಯಿ ಬರವಲ್ದು ಸಾವ್ಕಾರ್ರ. ಮಾಲಕನ್ನ ತಿನ್ನೂ ಸುಳಿ. ಭಾಳ ಮಂದಿಗಿ ಗೊತ್ತಿಲ್ಲ. ಅಕ್ಕಲಕೋಟದ ಲಾಯದಾಗ ಒಮ್ಮೆ ನೋಡಿದ್ದೆ.”

ಸಾವ್ಕಾರನ ಮುಖ ಇಳಿದುಹೋಯಿತು. “ಹಂಗಾದ್ರ ಏನ್ ಮಾಡೂದು?”

“ನೀವು ಒಯ್ಯಬ್ಯಾಡ್ರಿ. ಮಕ್ಕಳು ಮರಿ ಇದ್ದವರು. ಮುಂದಿನ ಮರಿ ನೀವು ತಗೊಳ್ರಿ. ಇದು ನನ್ನ ಹಂತ್ಯಾಕ ಇರ್ಲಿ.”

“ನಿನ್ನ ತಿಂದ್ರ?”

“ನನ್ನ ಮೈಯಾಗ ತಿನ್ನಾಕ ಏನದ? ಬರೇ ಎಲವು.”

ಸಾವ್ಕಾರ ಅಳು ತಡೆಯಲಾರದೆ ಅವನನ್ನು ತಬ್ಬಿಕೊಂಡ. ಅಂದಿನಿಂದ ಪ್ರತಿ ಯುಗಾದಿಗೆ ಹಣಮಂತಪ್ಪನಿಗೊಂದು ಧೋತರ, ಜನಾಬಾಯಿಗೊಂದು ಇಳಕಲ್ ಸೀರೆ ಸೋಲಾಪುರದಿಂದ ತಪ್ಪದೆ ಬರತೊಡಗಿದವು.

* * *

ಸಾವ್ಕಾರ ಟಾಂಗಾದಿಂದ ಇಳಿಯುವಾಗಲೇ ಅಳುತ್ತಿದ್ದ. ಎಪ್ಪತ್ತೆರಡರ ಭಾರೀ ಮೈ, ಹಣೆಯ ಮೇಲೆ ಮೂರು ಬೆರಳ ವಿಭೂತಿ. ಹಣಮಂತಪ್ಪನ ಪಾದ ಹಿಡಿದು ಕುಸಿದು ಕೂತ.

“ನನ್ನ ಸಾವು ನೀ ತಗೊಂಡ್ಯಲ್ಲೋ ಹಣಮಂತಾ! ನನಗ ಬರೂ ಸುಳಿ ನಿನ್ನ ಮ್ಯಾಲ ಹಾಕ್ಕೊಂಡ್ಯಲ್ಲೋ!”

ನೆರೆದ ಹೆಂಗಸರೆಲ್ಲ ಹೊಸದಾಗಿ ಅಳತೊಡಗಿದರು. ಮರವಡೆ ಊರಿಗೆ ಕೊಟ್ಟ ಮಗಳು ರೇವಮ್ಮ ಬೆಳಗಿನ ಬಸ್ಸಿಗೆ ಬಂದು ತಂದೆಯ ಪಕ್ಕದಲ್ಲಿ ಕೂತಿದ್ದಳು. ಅವಳು ತಾಯಿಯ ಮುಖ ನೋಡಿದಳು. ತಾಯಿ ನೆಲ ನೋಡಿದಳು.

ಸಾವ್ಕಾರ ಕಣ್ಣೊರಸಿಕೊಂಡು ಎದ್ದ. “ಜನಾಬಾಯಿ, ನೀ ನನಗ ತಂಗಿ ಇದ್ದಂಗ. ನಿಂಗಣ್ಣ ಹೇಳೂದು ಖರೆ ಅದ. ಆ ಕುದುರಿ ಇನ್ನ ನಿನ್ನ ಬಾಗಲಾಗ ಇರಬಾರದು. ನಾನ ನಿಂತು ಸೀಮಿ ದಾಟಿಸಿ ಬರ್ತೀನಿ.”

ನಿಂಗಣ್ಣ ಮತ್ತೆ ಹಗ್ಗ ಹಿಡಿದ. ಈಗ ಅವನಿಗೆ ಊರೇ ಬೆಂಬಲವಾಗಿತ್ತು.

ಜನಾಬಾಯಿ ಬಾಯಿ ತೆರೆದಳು. ರೇವಮ್ಮ ಓಡಿಬಂದು ಅವಳ ಕೈ ಹಿಡಿದು ಕಿವಿಯಲ್ಲಿ ಹೇಳಿದಳು: “ಬ್ಯಾಡವ್ವಾ. ಮಣ್ಣು ಆಗೂತನಾ ತಡಿ. ಊರ ಮುಂದ ಅಪ್ಪನ ಹೆಸರು ಹೋಗ್ತದ.”

“ಮಣ್ಣು ಆಗೂದ್ರಾಗ ಚಂದ್ರಿ ಹೋಗ್ತಾಳಲ್ಲ,” ಎಂದಳು ಜನಾಬಾಯಿ.

* * *

ನಿಜ ಸಂಗತಿ ಆ ಮನೆಯ ಮೂವರಿಗಷ್ಟೇ ಗೊತ್ತಿತ್ತು. ಅಂದು ಸಾವ್ಕಾರ ಹಣಮಂತಪ್ಪನನ್ನು ತಬ್ಬಿ ಅತ್ತು ಹೋದ ಮರುದಿನ ಬೆಳಿಗ್ಗೆ ಜನಾಬಾಯಿ ರೊಟ್ಟಿ ತಟ್ಟುತ್ತಿದ್ದಳು. ಹಣಮಂತಪ್ಪ ಒಲೆಯ ಮುಂದೆ ಬಂದು ಕೂತ.

“ಆ ಸುಳಿ ಏನೂ ಇಲ್ಲ.”

“ಏನೂ ಇಲ್ಲ ಅಂದ್ರ?”

“ಬರೇ ಕೂದಲ. ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ಮರಿ ಕೊಡಾಕ ಮನಸ ಬರಲಿಲ್ಲ.”

ಜನಾಬಾಯಿ ಅರ್ಧ ತಟ್ಟಿದ ರೊಟ್ಟಿಯನ್ನು ಹಾಗೇ ಬಿಟ್ಟು ಗಂಡನನ್ನು ಬೈದಳು. ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ಮುಂದೆ ಆ ಸುಳ್ಳು ಅವನನ್ನು ಮೀರಿ ಬೆಳೆಯಿತು. ಚಂದ್ರಿಗೆ ನಾಲ್ಕು ತುಂಬಿದಾಗ ಅಕ್ಕಲಕೋಟದ ಮೈದಾನದಲ್ಲಿ ಓಟಕ್ಕೆ ಬಿಟ್ಟ. ಬೇರೆ ಯಾರೂ ಹತ್ತಲು ಒಪ್ಪದ್ದರಿಂದ ತಾನೇ ಹತ್ತಿದ, ಅರವತ್ತೇಳರ ಮುದುಕ! ಅರ್ಧ ಜನ ಓಟ ನೋಡಲು ಬಂದಿದ್ದರೆ ಅರ್ಧ ಜನ ಅವನು ಸಾಯುವುದನ್ನು ನೋಡಲು ಬಂದಿದ್ದರು. ಅವನು ಮೊದಲು ಬಂದು, ಮಾನದ ಪಟಕಾ ಸುತ್ತಿಸಿಕೊಂಡು, ಚಹಾ ಕುಡಿದು ಮನೆಗೆ ಬಂದ. ಸಾವನ್ನೇ ಸವಾರಿ ಮಾಡುವ ಮನುಷ್ಯ ಎಂದು ಹೆಸರಾಯಿತು. ಓಡಿದ್ದು ಚಂದ್ರಿ, ಹೆಸರು ಸುಳಿಗೆ ಬಂತು.

ಕುದುರೆ ಸಂತೆಗಳಲ್ಲಿ ಜನ ಈಗ ಮರಿಗಳ ಎಡಗಾಲು ಎತ್ತಿ ‘ಕಂದಲಗಾಂವದ ಸುಳಿ’ ಇದೆಯೇ ಎಂದು ನೋಡತೊಡಗಿದರು. ಇದ್ದರೆ ಮುಟ್ಟುತ್ತಿರಲಿಲ್ಲ. ಮರವಡೆಯ ಒಬ್ಬ ರೈತ ಅಂಥ ಒಂದು ಮರಿಯನ್ನು ಹೊಡೆದಟ್ಟಿದ್ದಾನೆಂದು ಕೇಳಿದ ದಿನ ಹಣಮಂತಪ್ಪನಿಗೆ ಊಟ ಸೇರಲಿಲ್ಲ. ನಡೆದೇ ಹೋಗಿ ಅದನ್ನು ಹುಡುಕಿ ತಂದ. ಆಮೇಲೆ ಇನ್ನೊಂದು ಬಂತು. ಬೆಳೆದ ಮೇಲೆ ಎರಡನ್ನೂ ಸುಳಿಯ ಸುದ್ದಿ ತಲುಪದ ದೂರದೂರಿಗೆ ಕೊಟ್ಟ.

“ಒಂದು ಸುಳ್ಳಿಗೆ ಎಷ್ಟು ಹೊಟ್ಟಿ ತುಂಬಸಬೇಕ್ರಿ?” ಎಂದು ಜನಾಬಾಯಿ ಮೇವು ಹಾಕುತ್ತಲೇ ಕೇಳುತ್ತಿದ್ದಳು.

“ಈ ಯುಗಾದಿಗೆ ಸಾವ್ಕಾರ್ರಿಗಿ ಹೇಳಿಬಿಡ್ತೀನಿ,” ಎನ್ನುತ್ತಿದ್ದ ಅವನು. ಯುಗಾದಿ ಬರುತ್ತಿತ್ತು, ಧೋತರ ಬರುತ್ತಿತ್ತು, ಅವನ ಬಾಯಿ ಕಟ್ಟಿಹೋಗುತ್ತಿತ್ತು.

* * *

ಜನಾಬಾಯಿ ಬೀರಣ್ಣನ ಮುಂದಿದ್ದ ತಟ್ಟೆಗೆ ಕೈ ಹಾಕಿ ಒಂದು ಹಿಡಿ ಭಂಡಾರ ಎತ್ತಿದಳು. ಹಲಗೆ ಕಾಯಿಸುತ್ತಿದ್ದ ಬೀರಣ್ಣ ಬೆಚ್ಚಿ ಎದ್ದು ನಿಂತ. ಬೀರದೇವರ ಭಂಡಾರ ಎತ್ತಿ ಯಾರೂ ಸುಳ್ಳು ಹೇಳುವುದಿಲ್ಲ. ಹೇಳಿದವರ ಹಟ್ಟಿಯಲ್ಲಿ ಒಂದು ಕುರಿ ಉಳಿಯುವುದಿಲ್ಲ ಎಂಬ ನಂಬಿಕೆ. ಅಂಗಳದಲ್ಲಿ ಅಳು ನಿಂತಿತು.

“ಆ ಸುಳಿ ಏನೂ ಇಲ್ರಿ. ಸುಳ್ಳು. ಇವರು ಮರಿ ಮ್ಯಾಲಿನ ಆಸೇಕ ಸುಳ್ಳು ಹೇಳಿದ್ರು. ಹೇಳಿ ಹನ್ನೆರಡು ವರ್ಷ ಒಳಗ ಸುಟ್ಟುಕೊಂಡ್ರು.”

ಸಾವ್ಕಾರ ಜನಾಬಾಯಿಯ ಹಳದಿ ಮುಷ್ಟಿಯನ್ನೂ ಗೋಡೆಗೆ ಒರಗಿದ ಗೆಳೆಯನನ್ನೂ ನೋಡಿದ. ಅವನ ಕುತ್ತಿಗೆ ಕೆಂಪಾಗಿ, ಆ ಕೆಂಪು ಕಿವಿಯವರೆಗೆ ಏರಿತು. ರೇವಮ್ಮ ಕಣ್ಣು ಮುಚ್ಚಿಕೊಂಡಳು. ಜನಾಬಾಯಿಗೆ ಅನ್ನಿಸಿತು: ಗಂಡ ಗಳಿಸಿದ್ದು ಒಂದು ಹೆಸರು, ಅದನ್ನೂ ಅವನ ಹೆಣದ ಮುಂದೆ ತಾನೇ ಕಳೆದೆನಲ್ಲ.

“ಹಂಗಾದ್ರ…” ಸಾವ್ಕಾರ ಚಂದ್ರಿಯತ್ತ ತಿರುಗಿದ. “ಹಂಗಾದ್ರ ನಾ ಆ ಕುದುರಿ ಹತ್ತಬಹುದಿತ್ತು?”

“ಹೂಂರಿ.”

“ಹನ್ನೆರಡು ವರ್ಷ?”

“ಹೂಂರಿ.”

“ಪ್ರತಿ ವರ್ಷ ಅಕ್ಕಲಕೋಟದಾಗ ಬೇಲಿ ಹಿಡಕೊಂಡು ನಿಂತು ನೋಡೀನಿ! ಅದು ಓಡೂದು ನೋಡಿ ಮನಿಗಿ ಹೋಗಿ ನಿದ್ದಿ ಬರ್ತಿದ್ದಿಲ್ಲ ನನಗ!” ಅವನು ಹೆಣದ ಎದುರು ಬಗ್ಗಿ, ಬೆರಳು ಎತ್ತಿ ಗದರಿಸಿದ. “ಲೇ ಹಣಮಂತಾ, ಒಮ್ಮಿ, ಒಂದ ಸಲ ಹತ್ತಸಬಾರದಿತ್ತೇನಲೇ!”

ಹಣಮಂತಪ್ಪ ಕಣ್ಣು ಮುಚ್ಚಿಕೊಂಡೇ ಇದ್ದ. ಅದನ್ನು ಕಂಡು ಮೊದಲು ಬೀರಣ್ಣನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನಕ್ಕರು. ಕೊನೆಗೆ ಸಾವ್ಕಾರನೂ ಹೊಟ್ಟೆ ಹಿಡಿದು ನಕ್ಕ, ನಗುತ್ತ ಅತ್ತ.

ಜನಾಬಾಯಿ ಕೈಯಲ್ಲಿದ್ದ ಭಂಡಾರವನ್ನು ಗಂಡನ ಹಣೆಗೂ ಚಂದ್ರಿಯ ಹಣೆಗೂ ಹಚ್ಚಿದಳು. ಆಮೇಲೆ ಹಗ್ಗವನ್ನು ನಿಂಗಣ್ಣನ ಕೈಯಿಂದ ಬಿಡಿಸಿಕೊಂಡು ಸಾವ್ಕಾರನತ್ತ ಚಾಚಿದಳು.

“ಈಗ ಹತ್ರಿ.”

“ಈ ವಯಸ್ಸಿನಾಗ?”

“ಅವರು ಹೋದ ವರ್ಷ ದೀಪಾವಳಿಗಿ ಹತ್ತಿದ್ರು. ನೀವು ಅವರಕಿಂತ ಸಣ್ಣವರು. ಮಣ್ಣಿನತನಾ ಅಕಿನ್ನ ನೀವ ನಡಸ್ರಿ. ಊರ ಮಂದಿ ಎಲ್ಲಾ ನೋಡ್ಲಿ.”

ಸಾವ್ಕಾರ ಬಗ್ಗಿ ಚಂದ್ರಿಯ ಎಡಗಾಲ ಹಿಂದೆ ಬೆರಳಾಡಿಸಿದ. ಹನ್ನೆರಡು ವರ್ಷ ಮುಟ್ಟಲು ಅಂಜಿದ ಜಾಗ ಅದು. ಬೆರಳಿಗೆ ಸಿಕ್ಕಿದ್ದು ಒಂದಿಷ್ಟು ಮೆತ್ತನೆಯ ಕೂದಲು ಅಷ್ಟೇ. ಅವನು ಅಂಗಿಯ ತೋಳು ಮಡಚಿ, ಧೋತರದ ಕಚ್ಚೆ ಬಿಗಿದು ಕಟ್ಟೆ ಹತ್ತಿ ನಿಂತ. ಬೀರಣ್ಣ ಜೀನು ಬಿಗಿದು ಲಗಾಮು ಹಾಕಿದ. ಇಬ್ಬರು ಹಿಂದಿನಿಂದ ಎತ್ತಿದರು, ಒಬ್ಬ ಆಚೆಯಿಂದ ಜಗ್ಗಿದ. ಸಾವ್ಕಾರ ಮೇಲೆ ಕೂತು ಸುತ್ತಲೂ ನೋಡಿದಾಗ ಅವನ ಮುಖದಲ್ಲಿ ಇಪ್ಪತ್ತು ವರ್ಷ ಕಡಿಮೆಯಾಗಿತ್ತು.

ಹಣಮಂತಪ್ಪನನ್ನು ಚಟ್ಟದ ಮೇಲೆ ಮಲಗಿಸಿದರು. ನಿಂಗಣ್ಣ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಕುದುರೆ ಮುಂದೆ, ಚಟ್ಟ ಹಿಂದೆ, ಮೆರವಣಿಗೆ ಊರ ಅಗಸೆ ಬಾಗಿಲತನಕ ಸಾವಧಾನವಾಗಿ ಹೋಯಿತು. ಹೆಂಗಸರು ಅಲ್ಲಿಯೇ ನಿಲ್ಲಬೇಕು. ಬೀರಣ್ಣ ಅಲ್ಲಿ ಬಂದು ಹಲಗೆ ಬಾರಿಸತೊಡಗಿದ.

ತಪ್ಪಾದದ್ದು ಅಲ್ಲಿಯೇ. ಓಟದ ಮೈದಾನದಲ್ಲಿ ಕುದುರೆ ಬಿಡುವುದೂ ಹಲಗೆಯ ಪೆಟ್ಟಿಗೇ ಎಂಬುದು ಆ ಗದ್ದಲದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಚಂದ್ರಿಯ ಕಿವಿ ನೆಟ್ಟಗಾದವು. ಕುತ್ತಿಗೆ ಮೇಲೆದ್ದಿತು. ನಡಿಗೆ ಜಿಗಿತವಾಯಿತು, ಜಿಗಿತ ಓಟವಾಯಿತು. ಸಾವ್ಕಾರ ಅಂಜಿ ಎರಡೂ ಕೈಯಿಂದ ಲಗಾಮು ಜಗ್ಗಿದ.

ಜನಾಬಾಯಿ ಅಗಸೆಯ ಕಲ್ಲು ಹತ್ತಿ ನಿಂತಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು.

“ಜಗ್ಗಬ್ಯಾಡ್ರಿ ಸಾವ್ಕಾರ್ರ! ಬಿಡ್ರಿ ಅಕಿನ್ನ! ಬಿಡ್ರಿ!”

ಸಾವ್ಕಾರ ಬಿಟ್ಟ. ಜೋಳದ ಹೊಲಗಳ ನಡುವಿನ ದಾರಿಯಲ್ಲಿ ಧೂಳು ಎದ್ದಿತು, ಧೂಳಿನೊಳಗಿಂದ ಅವನ ಕೇಕೆ ಕೇಳಿಸಿತು. ಬೀರಣ್ಣ ಹಲಗೆ ಹಿಡಿದೇ ಓಡಿದ, ಮಂದಿ ಓಡಿದರು, ಹೆಗಲ ಮೇಲಿನ ಬಿದಿರು ಕುಣಿಯುತ್ತಿದ್ದಂತೆಯೇ ಚಟ್ಟ ಹೊತ್ತ ನಾಲ್ವರೂ ಓಡತೊಡಗಿದರು. ಆ ನಾಲ್ವರಲ್ಲಿ ಮುಂದೆ, ಏದುಸಿರು ಬಿಡುತ್ತ, ನಿಂಗಣ್ಣ ಕೂಗುತ್ತಿದ್ದ:

“ತಡೀರಿ ಸಾವ್ಕಾರ್ರ, ತಡೀರಿ! ಅಣ್ಣ ಹಿಂದ ಬಿದ್ದಾನ!”