ಹನ್ನೊಂದನೆಯ ನಿಮಿಷ

"ಒಳಗೆ ಲೋಹದ್ದು ಏನೂ ಇಲ್ಲ ತಾನೇ?" ಎಂದು ಸ್ಮಶಾನದ ನೌಕರ ಕೇಳುವ ಹೊತ್ತಿಗೆ ಫುಸಾಯೆ ಶವಪೆಟ್ಟಿಗೆಯಲ್ಲಿದ್ದ ಗಂಡ ಹಿಬಿನೊ ಅವರ ಕೈಗಳ ಕೆಳಗೆ ಏನನ್ನೋ ತೂರಿಸುತ್ತಿದ್ದಳು. ಬಿಳಿ ಸೇವಂತಿಗೆಗಳ ಮರೆಯಲ್ಲಿ ಕರವಸ್ತ್ರದ ಒಂದು ಪುಟ್ಟ ಗಂಟು.

"ಇದೇನಮ್ಮಾ?"

"ಸಣ್ಣದಪ್ಪ. ಇವರದೇ ಅದು."

ನೌಕರ ಬಟ್ಟೆಯ ಮೇಲಿಂದಲೇ ಹಿಸುಕಿ ನೋಡಿದ. "ತಗಡಿನದು. ಇದು ಆಗಲ್ಲಮ್ಮ. ಕರಗಿ ಮೂಳೆಗೆ ಅಂಟ್ಕೊಳ್ಳುತ್ತೆ. ದಯವಿಟ್ಟು ತೆಗೆದುಬಿಡಿ."

ಫುಸಾಯೆ ವಾದ ಮಾಡಲಿಲ್ಲ. ಗಂಟನ್ನು ತೆಗೆದು ಕಪ್ಪು ಕಿಮೋನೊದ ಚೀಲದಂಥ ತೋಳಿನೊಳಗೆ ಹಾಕಿಕೊಂಡಳು. ಮೂರು ಹೆಜ್ಜೆ ಹಿಂದೆ ಹೂ ಹಿಡಿದು ನಿಂತಿದ್ದ ಚಿಗುಸಾ ಅದನ್ನು ಸರಿಯಾಗಿ ನೋಡಲಿಲ್ಲ. ಅವಳ ಕಣ್ಣೆಲ್ಲ ಹಿಬಿನೊ ಅವರ ಕೈಗಳ ಮೇಲಿತ್ತು. ಶವಸಂಸ್ಕಾರದವರು ಮುಖಕ್ಕೆ ಬಣ್ಣ ಹಚ್ಚಿ ಕಳೆ ತಂದಿದ್ದರು, ಕೈಗಳನ್ನು ಮರೆತಿದ್ದರು. ಬೆರಳ ಗೆಣ್ಣುಗಳಲ್ಲಿ ಚಳಿಗೆ ಒಡೆದ ಗೀರುಗಳು ಹಾಗೇ ಇದ್ದವು. ಆ ಕೈಗಳನ್ನು ಪ್ರಯೋಗಾಲಯದಿಂದ ಹೊರಗೆ ಹಾಕಿದವಳು ತಾನೇ ಎಂದು ಅವಳಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ.

ಮುಚ್ಚಳ ಮುಚ್ಚಿತು. ಒಲೆಯ ಬಾಗಿಲು ಮುಚ್ಚಿತು. ಎಲ್ಲರೂ ಬಗ್ಗಿ ನಮಸ್ಕರಿಸಿದರು. ಎಲ್ಲರೂ ಎಂದರೆ ಏಳು ಜನ.

*

ಓಗಾಕಿ ಊರಿನಲ್ಲಿ ನೀರು ನೆಲದಿಂದ ತಾನಾಗಿ ಉಕ್ಕುತ್ತದೆ. ಮನೆಗೊಂದು ಬಾವಿ, ಅಂಗಡಿಗೊಂದು ಬಾವಿ. ಆ ನೀರನ್ನೆಲ್ಲ ಪರೀಕ್ಷಿಸುವ ಎರಡು ಕೋಣೆಯ ಪ್ರಯೋಗಾಲಯದಲ್ಲಿ ಹಿಬಿನೊ ಮೂವತ್ತೊಂಬತ್ತು ವರ್ಷ ದುಡಿದರು. ನೀರನ್ನು ಬೆರಳುದ್ದದ ಸೀಸೆಗೆ ತುಂಬಿ, ಮುಚ್ಚಿ, ಬಿಸಿ ಮಾಡಿ, ಮೇಲೆದ್ದ ಆವಿಯನ್ನು ಸೂಜಿಯಿಂದ ಹೀರಿ ಯಂತ್ರಕ್ಕೆ ಕೊಡುವುದು ಅವರ ಕೆಲಸ. ಆವಿಯೊಳಗಿನ ವಸ್ತುಗಳು ಯಂತ್ರದ ಉದ್ದ ನಳಿಗೆಯಲ್ಲಿ ಒಂದೊಂದಾಗಿ ಬೇರೆಯಾಗಿ ಹೊರಬರುತ್ತವೆ, ಕಾಗದದ ಮೇಲೆ ಒಂದೊಂದು ಗುಡ್ಡ ಏಳುತ್ತದೆ. ಹಳೆಯ ಯಂತ್ರ ಯಾರು ಎಷ್ಟು ಹೊತ್ತಿಗೆ ಬಂದರು ಎಂದು ಹೇಳುತ್ತಿತ್ತು, ಹೆಸರು ಹೇಳುತ್ತಿರಲಿಲ್ಲ. ಹೆಸರನ್ನು ಹೊತ್ತಿನ ಮೇಲೆ ನಾವೇ ಊಹಿಸಿಕೊಳ್ಳಬೇಕು.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಹಿಬಿನೊ ಅವರ ಕಸುಬಿನಲ್ಲಿ ಕೈ ಕೆಸರಾದರೆ ಊರಿನ ಬಾಯಿಗೇ ಮಣ್ಣು. ಆದ್ದರಿಂದ ಆ ಮನುಷ್ಯ ಸುವಾಸನೆಯ ಸಾಬೂನು ಮುಟ್ಟಲಿಲ್ಲ, ತಲೆಗೆ ಎಣ್ಣೆ ಹಚ್ಚಲಿಲ್ಲ, ಕಿತ್ತಳೆ ಸುಲಿಯಲಿಲ್ಲ. ಕೈಗವಸು ಹಾಕಿದರೆ ಸೀಸೆಯ ಬಾಯಿಯ ಸೀಳು ಬೆರಳಿಗೆ ತಿಳಿಯುವುದಿಲ್ಲ ಎಂದು ಬರಿಗೈಯಲ್ಲೇ ತೊಳೆಯುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ದಿನ ಚಿಗುಸಾಳನ್ನು ಮೂಸಿ ನೋಡಿ, "ಮನೆಗೆ ಹೋಗಿ ಸ್ನಾನ ಮಾಡ್ಕೊಂಡು ಬಾ ತಾಯಿ, ಮಲ್ಲಿಗೆ ತೋಟ ಹೊತ್ಕೊಂಡು ಬಂದಿದೀಯ" ಎಂದಿದ್ದರು. ಅವಳು ಅತ್ತಿದ್ದಳು. ಅಂದಿನಿಂದ ಅವಳಿಗೆ ಅವರು ಮೇಷ್ಟ್ರು. ಮುಂದೆ ಅವಳೇ ಮುಖ್ಯಸ್ಥೆಯಾದಳು. ನಿವೃತ್ತಿಯಾದ ಮೇಲೂ ಅವರನ್ನು ದಿನಗೂಲಿಯ ಮೇಲೆ ಇಟ್ಟುಕೊಂಡಳು, ಆಗಲೂ ಮೇಷ್ಟ್ರೇ.

ಕಳೆದ ಡಿಸೆಂಬರ್ ಇಪ್ಪತ್ತಮೂರರಂದು ತೋಫು ಅಂಗಡಿಯ ನೊಗಾಕಿಯ ಬಾವಿಯ ನೀರು ಹಿಬಿನೊ ಅವರ ಕೈಗೆ ಬಂತು. ಹನ್ನೊಂದನೆಯ ನಿಮಿಷಕ್ಕೆ ಒಂದು ಗುಡ್ಡ ಎದ್ದಿತು. ಅದು ನುಸಿಗುಳಿಗೆಯ ವಿಷ ಏಳುವ ಹೊತ್ತು. ಜೋಡಿ ಸೀಸೆ ತುಂಬಿ ಮತ್ತೆ ನೋಡಿದರು, ಮತ್ತೆ ಎದ್ದಿತು. ಚಿಗುಸಾ ಸಹಿ ಹಾಕಿದಳು. ಹೊಸ ವರ್ಷದ ವ್ಯಾಪಾರದ ಹೊತ್ತಿನಲ್ಲಿ ಒಂಬತ್ತು ದಿನ ಬಾವಿಗೆ ಬೀಗ ಬಿತ್ತು. ಆಮೇಲೆ ತಂದ ನೀರಿನಲ್ಲಿ ಏನೂ ಇರಲಿಲ್ಲ.

ಪ್ರಯೋಗಾಲಯದವರೆಲ್ಲರೂ ಸಾಲಾಗಿ ನಿಂತು ನೊಗಾಕಿಗೆ ಬಗ್ಗಿ ಕ್ಷಮೆ ಕೇಳಿದರು. ಬಗ್ಗಿದ್ದ ಹಿಬಿನೊ ತಲೆ ಎತ್ತದೆ, "ತಪ್ಪು ನನ್ನ ಕೈಯದು" ಎಂದರು.

"ಹೇಗಾಯ್ತು ಮೇಷ್ಟ್ರೇ?" ಎಂದು ಚಿಗುಸಾ ಆಮೇಲೆ ಕೇಳಿದಳು.

"ವಯಸ್ಸಾಯ್ತು" ಎಂದರು, ಅಷ್ಟೇ. ಅವಳು ನಾಳೆಯಿಂದ ಬರುವುದು ಬೇಡ ಎಂದಳು. ಅವರು ತಮ್ಮ ಬಿಳಿ ಕೋಟನ್ನು ಒಗೆದು, ಇಸ್ತ್ರಿ ಮಾಡಿ, ತಂದುಕೊಟ್ಟು ಹೋದರು. ಫೆಬ್ರವರಿಯ ಮೊದಲ ವಾರ ಹೃದಯ ನಿಂತಿತು.

*

ಒಲೆ ಆರಲು ಒಂದು ಗಂಟೆ ಬೇಕು. ಕಾಯುವ ಕೋಣೆಯಲ್ಲಿ ಚಹಾ ಇತ್ತು, ಬಿಯರ್ ಇತ್ತು. ಇಬುಕಿ ಬೆಟ್ಟದ ಗಾಳಿ ಕಿಟಕಿಯನ್ನು ಅಲುಗಿಸುತ್ತಿತ್ತು. ನೊಗಾಕಿ ಕರಿದ ತೋಫುವಿನ ದೊಡ್ಡ ಡಬ್ಬಿ ತೆರೆದು ಎಲ್ಲರ ಮುಂದೆ ತಳ್ಳಿದ.

"ತಿನ್ನಿ, ತಿನ್ನಿ. ನಮ್ಮ ಬಾವಿ ನೀರಲ್ಲೇ ಮಾಡಿದ್ದು. ವಿಷ ಗಿಷ ಇಲ್ಲ, ಸರ್ಕಾರಿ ಕಾಗದ ಇದೆ."

"ನೊಗಾಕಿ ಅವರೇ..." ಎಂದಳು ಚಿಗುಸಾ.

"ತಮಾಷೆಗಂದೆ ಮೇಡಂ. ಈ ಮುದುಕ ಹೊಸ ವರ್ಷದ ದಿನ ನಮ್ಮಂಗಡಿ ಮುಂದೆ ಬಂದು ಹಿಮದಲ್ಲಿ ನಿಂತಿದ್ದ. ಒಳಗೆ ಬಾರಯ್ಯ ಅಂದ್ರೆ ಬರಲಿಲ್ಲ. ಹೋಗಯ್ಯ ಅಂದ್ರೆ ಹೋಗಲಿಲ್ಲ. ಬೈಯೋಣ ಅಂತ ಬಾಯಿ ತೆಗೆದೆ, ಆ ಕೈ ನೋಡಿದೆ, ಬಿಸಿ ಸೋಯಾ ಹಾಲು ಕೊಟ್ಟೆ." ನೊಗಾಕಿ ತನ್ನ ಬಿಯರ್ ಲೋಟವನ್ನು ಕೆಳಗಿಟ್ಟ. "ಲೋಟ ತೊಳೆದು ವಾಪಸ್ ಕೊಟ್ಟ, ಪುಣ್ಯಾತ್ಮ."

ಚಿಗುಸಾಳ ಫೋನ್ ಅಲುಗಿತು. ಅವಳು ಎದ್ದು ಮೊಗಸಾಲೆಗೆ ಬಂದಳು. ಹೊಸ ಯಂತ್ರವನ್ನು ಕೂಡಿಸಲು ಬಂದಿದ್ದ ಕೋದೆರಾನ ಕರೆ. ನಿನ್ನೆಯಷ್ಟೇ ಇಳಿದ ಯಂತ್ರ. ಸೀಸೆಯನ್ನು ತಾನೇ ಎತ್ತಿ, ತಾನೇ ಹೀರಿ, ಪ್ರತಿ ಗುಡ್ಡಕ್ಕೂ ಹೆಸರು ಹೇಳುವ ಯಂತ್ರ. ಮನುಷ್ಯರ ಕೈ ಬೇಡವೆಂದೇ ತರಿಸಿದ್ದು. ಸಂಜೆ ನಾಲ್ಕಕ್ಕೆ ನಗರಸಭೆಯವರ ಮುಂದೆ ಮೊದಲ ಸೀಸೆಯನ್ನು ಚಿಗುಸಾಳೇ ತುಂಬಿ ಇಡಬೇಕಿತ್ತು.

ಬೆಳಿಗ್ಗೆ ಇಲ್ಲಿಗೆ ಹೊರಡುವ ಮುಂಚೆ ಅವಳು ತಂಪುಪೆಟ್ಟಿಗೆಯಿಂದ ಇನ್ನೊಂದು ಸೀಸೆ ತೆಗೆದುಕೊಟ್ಟಿದ್ದಳು. ಅಂದು ಮೇಷ್ಟ್ರು ಆ ಬಾವಿಯ ನೀರು ತುಂಬಿಟ್ಟ ಸೀಸೆಗಳಲ್ಲಿ ಉಳಿದ ಕೊನೆಯದು. ಅದರಲ್ಲಿ ನಿಜವಾಗಿಯೂ ವಿಷವಿದ್ದರೆ ಅವರ ಕೈ ಶುದ್ಧ, ತಾನು ಪಾಪಿ. ಬೇರೇನಾದರೂ ಇದ್ದರೆ ತಾನು ಮಾಡಿದ್ದು ಸರಿ. ಇದನ್ನು ತಿಳಿಯದೆ ಅವಳು ಒಂದೂವರೆ ತಿಂಗಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

"ಮೇಡಂ, ಆ ಸೀಸೆ ಹಾಕಿದೆ. ಹನ್ನೊಂದನೇ ನಿಮಿಷಕ್ಕೇ ಬಂತು. ಆದ್ರೆ ವಿಷ ಅಲ್ಲ."

"ಮತ್ತೇನು?"

"ಯುಜು. ಯುಜು ಸಿಪ್ಪೆ ಎಣ್ಣೆ. ಯಾರೋ ಹಣ್ಣು ಸುಲಿದ ಕೈಯಲ್ಲೇ ಸೀಸೆ ಮುಟ್ಟಿದಾರೆ ಅನ್ಸುತ್ತೆ. ಇನ್ಮೇಲೆ ಆ ಚಿಂತೆ ಇಲ್ಲ ಬಿಡಿ, ಈ ಯಂತ್ರಕ್ಕೆ ಕೈಯೇ ಇಲ್ಲ."

ತಪ್ಪು ಕೈಯದೇ. ತಾನು ಮಾಡಿದ್ದು ಸರಿ. ಹಾಯೆನಿಸಬೇಕಿತ್ತು, ಅನಿಸಲಿಲ್ಲ. ಕಿತ್ತಳೆಯನ್ನೇ ಸುಲಿಯದವರು ಅದೇ ಜಾತಿಯ ಹುಳಿಹಣ್ಣು ಯುಜುವನ್ನು ಸುಲಿದರೇ?

*

"ಅಮ್ಮಾ," ಅವಳು ಫುಸಾಯೆಯ ಪಕ್ಕ ಮಂಡಿಯೂರಿ ಕೂತಳು. "ಮೇಷ್ಟ್ರು ಡಿಸೆಂಬರ್‌ನಲ್ಲಿ ಯುಜು ಏನಾದ್ರೂ ಮುಟ್ಟಿದ್ರಾ? ವರ್ಷದ ಅತಿ ಸಣ್ಣ ಹಗಲಿನ ದಿನ, ಸ್ನಾನದ ನೀರಿಗೆ ಹಾಕ್ತಾರಲ್ಲ?"

"ನಮ್ಮನೇಲಾ?" ಫುಸಾಯೆ ಸಣ್ಣಗೆ ನಕ್ಕಳು. "ಮದುವೆ ಆದ ಹೊಸದರಲ್ಲಿ ಒಂದ್ಸಲ ನಾಲ್ಕು ಹಣ್ಣು ತೇಲಿಬಿಟ್ಟಿದ್ದೆ. ಮೈಮೇಲೆ ಬಟ್ಟೆ ಇಲ್ಲದೆ ಹಿತ್ತಲಿಗೆ ಓಡಿದ್ರು. ಊರೆಲ್ಲ ಯುಜು ನೀರಲ್ಲಿ ಮುಳುಗಿದ್ರೆ ನಾವು ಬರೀ ಬಿಸಿನೀರು. ಮೂವತ್ತೊಂಬತ್ತು ವರ್ಷ."

ನಗು ನಿಂತಿತು. ಅವಳು ತೋಳಿನ ಮೇಲೆ ಕೈಯಿಟ್ಟುಕೊಂಡಳು.

"ಈ ಸಲ ಮಾತ್ರ... ಆಫೀಸಿನವರು ಯಾರೋ ವರ್ಷದ ಕೊನೆಗೆ ಅಂತ ಕೈಗೆ ಹಚ್ಚೋ ಮುಲಾಮು ಕೊಟ್ರಂತೆ. ಇವರು ಬೀರುವಿನ ಮೇಲಿಟ್ಟು ಸುಮ್ಮನಿದ್ರು. ಒಂದಿನ ಸಂಜೆ ಕೊಟ್ಟೋರೇ 'ಹಚ್ಕೊಂಡ್ರಾ?' ಅಂತ ಕೇಳಿದ್ರಂತೆ. ಪಾಪ, ಕೊಟ್ಟೋರ ಮನಸ್ಸು ನೋಯುತ್ತೆ ಅಂತ 'ಹೂಂ, ಹಚ್ಕೊಂಡೆ' ಅಂದುಬಿಟ್ರಂತೆ. ಮನೆಗೆ ಬಂದೋರು ಊಟಕ್ಕೆ ಏಳಲಿಲ್ಲ. 'ಫುಸಾಯೆ, ಇವತ್ತು ನಾನು ಸುಳ್ಳು ಹೇಳ್ದೆ' ಅಂದ್ರು."

ಚಿಗುಸಾಳ ಕಣ್ಣು ಆ ತೋಳಿನ ಮೇಲೆ ನಿಂತಿತು.

"ಹಚ್ಕೊಂಡುಬಿಟ್ರೆ ಸುಳ್ಳು ನಿಜ ಆಗುತ್ತಲ್ಲ ಅಂತ ನಾನೇ ಅಂದೆ. ನಾನೇ ಟ್ಯೂಬು ತೆಗೆದು ಎರಡೂ ಕೈಗೆ ಸವರಿದೆ. ನಗ್ತಾ ಸವರಿದೆ. ಬೆಳಿಗ್ಗೆ ಏಳು ಸಲ ಕೈ ತೊಳ್ಕೊಂಡು ಹೋದ್ರು. ಅವತ್ತೇ ಆ ಬಾವಿ ಗಲಾಟೆ. ಕೊಟ್ಟೋರ ಹೆಸರು ಕೊನೇವರೆಗೂ ಹೇಳಲಿಲ್ಲ, ಗೊತ್ತಾದ್ರೆ ಅವರು ನೊಂದ್ಕೊಳ್ತಾರೆ ಅಂತ. ಅವರದೇನು ತಪ್ಪಿದೆ ಬಿಡು. ಹಚ್ಚಿದೋಳು ನಾನು. ನಾನೇ ಸಾಯಿಸ್ದೆ ಇವರನ್ನ."

"ಕುಟುಂಬದವರು ಬರಬಹುದು" ಎಂದು ನೌಕರ ಬಾಗಿಲಲ್ಲಿ ನಿಂತು ತಲೆಬಾಗಿದ.

ಫುಸಾಯೆ ಕಣ್ಣೊರೆಸಿಕೊಂಡು ಎದ್ದಳು. "ನಮಗೆ ಮಕ್ಕಳಿಲ್ಲ. ನನ್ನ ಜೊತೆ ಮೂಳೆ ಎತ್ತೋಕೆ ನೀನು ಬರ್ತೀಯಾ ತಾಯಿ? ನಿನ್ನ ಕಂಡ್ರೆ ಅವರಿಗೆ ಬಹಳ ಇಷ್ಟ."

ಚಿಗುಸಾ ಎದ್ದು ಅವಳ ಹಿಂದೆ ಮೊಗಸಾಲೆಗೆ ಬಂದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಈ ಮುದುಕಿ ಉಳಿದ ಆಯುಸ್ಸೆಲ್ಲ ತನ್ನ ಕೈಗಳನ್ನೇ ನೋಡಿಕೊಂಡು ಕೂರುತ್ತಾಳೆ.

"ಅಮ್ಮಾ, ಅದನ್ನ ಇಲ್ಲಿ ಕೊಡಿ."

ಫುಸಾಯೆ ಅರ್ಥವಾಗದೆ ತೋಳಿನಿಂದ ಗಂಟು ತೆಗೆದುಕೊಟ್ಟಳು. ಚಿಗುಸಾ ಬಿಚ್ಚಿದಳು. ಹಳದಿ ಟ್ಯೂಬು, ಮೇಲೆ ಎಲೆಯಿದ್ದ ಯುಜು ಹಣ್ಣಿನ ಚಿತ್ರ. ಒಂದೇ ಒಂದು ಸಲ ಒತ್ತಿದ ಗುಳಿ.

"ಇದನ್ನ ಜೋಡಿ ಮಾರ್ತಾರೆ," ಎಂದಳು ಚಿಗುಸಾ. "ಇನ್ನೊಂದು ನಮ್ಮನೇಲಿದೆ. ಯಾವ ಘಮ ಅಂತಲೂ ನೋಡದೆ ಕೊಟ್ಟು, 'ಹಚ್ಕೊಂಡ್ರಾ?' ಅಂತ ಕೇಳಿದೋಳು ನಾನು ಅಮ್ಮಾ. ಅವರನ್ನ ಬರಬೇಡಿ ಅಂದೋಳೂ ನಾನೇ."

ಮುಚ್ಚಳ ತೆಗೆದು ಟ್ಯೂಬನ್ನು ಅಂಗೈಗೆ ಹಿಂಡಿಕೊಂಡಳು. ಅರ್ಧ ಖಾಲಿಯಾಗುವಷ್ಟು. ಬೆರಳ ಸಂದಿಗೆ, ಉಗುರಿಗೆ, ಮಣಿಕಟ್ಟಿಗೆ ಉಜ್ಜಿದಳು. ಮೊಗಸಾಲೆಯೆಲ್ಲ ಯುಜು ಘಮ. ಕಿಸೆಯಲ್ಲಿ ಫೋನ್ ಮತ್ತೆ ಅಲುಗಿತು, ನಾಲ್ಕು ಗಂಟೆಯ ಸಮಾರಂಭದ್ದು. ಈ ಕೈ ಇವತ್ತು ಸೀಸೆ ಮುಟ್ಟುವಂತಿಲ್ಲ. ಅವಳು ತೆಗೆಯಲಿಲ್ಲ.

ಫುಸಾಯೆ ಆ ಕೈಗಳನ್ನು ನೋಡಿದಳು. ಆಮೇಲೆ ತಿರುಗಿ ಒಳಗೆ ನಡೆದಳು.

ಕಬ್ಬಿಣದ ಹಾಸಿನ ಮೇಲೆ ಮೂಳೆಗಳು ಇನ್ನೂ ಕಾವು ಸೂಸುತ್ತಿದ್ದವು. ನೌಕರ ಇಬ್ಬರಿಗೂ ಉದ್ದನೆಯ ಜೋಡಿಕಡ್ಡಿಗಳನ್ನು ಕೊಟ್ಟ. ಒಂದೇ ಮೂಳೆಯನ್ನು ಇಬ್ಬರೂ ಸೇರಿ ಹಿಡಿದು ಎತ್ತಬೇಕು. ಪಾದದಿಂದ ಶುರುವಾಯಿತು, ಮಂಡಿ, ಸೊಂಟ. "ಇದು ಬಲಗೈ ಬೆರಳು" ಎಂದು ನೌಕರ ಮೆಲ್ಲಗೆ ತೋರಿಸಿದ. ಒಂದು ಕಲೆಯೂ ಇಲ್ಲದ, ಸೀಮೆಸುಣ್ಣದ ತುಂಡಿನಷ್ಟು ಬಿಳಿಯದು.

ಚಿಗುಸಾಳ ಎಣ್ಣೆಗೈಯಲ್ಲಿ ಕಡ್ಡಿ ಜಾರಿತು. ಮೂಳೆ ಒಂದು ಕಡೆಗೆ ವಾಲಿತು. ಬಿದ್ದೇಹೋಯಿತು ಎಂದುಕೊಂಡಳು. ಫುಸಾಯೆ ತನ್ನ ಕಡ್ಡಿಗಳನ್ನು ಸಡಿಲಿಸಲಿಲ್ಲ. ಎಡಗೈ ಚಾಚಿ, ಚಿಗುಸಾಳ ಜಿಡ್ಡಾದ ಬೆರಳುಗಳನ್ನು ಕಡ್ಡಿಯ ಸಮೇತ ಮುಚ್ಚಿ ಹಿಡಿದಳು. ಹಾಗೇ ಹಿಡಿದುಕೊಂಡು ಇಬ್ಬರೂ ಆ ಬೆರಳನ್ನು ಮಣ್ಣಿನ ಕುಡಿಕೆಯೊಳಗೆ ಇಳಿಸಿದರು.